ಬಟ್ಟೆಯೊಳಗಿನ ಗರಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಇವತ್ತು ನನಗೆ ಕೊಟ್ಟ ವಿಷಯ ‘ಕಾಯಕ ಮತ್ತು ದಾಸೋಹ’. ಈ ವಿಷಯದ ಮೇಲೆ ಈ ಮಠದಲ್ಲಿಯೇ ನಾನು ಹಿಂದೆ ಮಾತನಾಡಿದ್ದೇನೆ. ಅವೇ ವಚನಗಳನ್ನು ಹೇಳಿ, ಅದೇ ಚಪ್ಪಾಳೆ ತೆಗೆದುಕೊಂಡು, ಅದೇ ಶಾಲು ಹೊದ್ದುಕೊಂಡು ಮನೆಗೆ ಹೋಗಿದ್ದೇನೆ. ಈ ಸಲ ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಅಮೆರಿಕದ ಒಂದು ಹಾಡಿನ ತಂಡ, ಅವರು ಹಾಡಿದ ಒಂದು ಜಪಾನೀ ಕಥೆ, ಅದನ್ನು ಕೇಳಿದವರು, ಇಷ್ಟು ನನ್ನ ಮಾತಿನ ಸಾಮಗ್ರಿ. ಇದಕ್ಕೂ ಅನುಭವ ಮಂಟಪಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ವಿನಂತಿ.

ನಿವೃತ್ತಿಯಾದ ಮೇಲೆ ನಾನೂ ನಮ್ಮ ಮನೆಯವರೂ ಮಗನ ಊರಿಗೆ ಹೋಗಿ ಐದು ತಿಂಗಳು ಇದ್ದು ಬಂದೆವು. ಅಮೆರಿಕದ ಪಶ್ಚಿಮ ದಿಕ್ಕಿನ ಆರೆಗನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡ್ ಎಂಬ ನಗರವಿದೆ. ಅದರ ಪಕ್ಕದ ಹಿಲ್ಸ್‌ಬರೊದಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ದೊಡ್ಡ ಕಾರ್ಖಾನೆಗಳಿರುವುದರಿಂದ ನಮ್ಮ ಕಡೆಯ ಹುಡುಗರೂ ಅಲ್ಲಿ ಸಾಕಷ್ಟಿದ್ದಾರೆ. ಒಂದು ರವಿವಾರ ಕಾರಿನಲ್ಲಿ ಸಮುದ್ರ ನೋಡಲು ಹೊರಟೆವು. ದಾರಿಯುದ್ದಕ್ಕೂ ಮೊಮ್ಮಗಳು ತನ್ನ ಹಾಡುಗಳನ್ನು ಹಚ್ಚಿದ್ದಳು. ನನಗೆ ಆ ಸಂಗೀತ ತಿಳಿಯುವುದಿಲ್ಲ. ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ವಚನ ಕೇಳಿ ಬೆಳೆದ ಕಿವಿ ನನ್ನದು. ‘ಸ್ವಲ್ಪ ಸಣ್ಣಗೆ ಮಾಡವ್ವಾ’ ಎಂದೆ. ಆಕೆ, ‘ಅಜ್ಜಾ, ಇದು ಹಾಡಷ್ಟೇ ಅಲ್ಲ, ಕಥಿ. ನಾ ಹೇಳ್ತೀನಿ, ಕೇಳು’ ಎಂದಳು. ಹಾಗೆ ಶುರುವಾಯಿತು.

ಆ ತಂಡದ ಹೆಸರು ‘ದಿ ಡಿಸೆಂಬರಿಸ್ಟ್ಸ್’. ಪೋರ್ಟ್‌ಲ್ಯಾಂಡಿನದೇ ತಂಡ, 2000ದಲ್ಲಿ ಕಟ್ಟಿದ್ದು. 1825ರ ಡಿಸೆಂಬರಿನಲ್ಲಿ ರಷ್ಯಾದ ಕೆಲವು ಸೇನಾಧಿಕಾರಿಗಳು ತಮ್ಮ ಚಕ್ರವರ್ತಿಯ ವಿರುದ್ಧ ದಂಗೆ ಎದ್ದು ಸೋತರು. ಜೀತಪದ್ಧತಿ ಹೋಗಬೇಕು, ಸಂವಿಧಾನ ಬರಬೇಕು ಎಂಬುದು ಅವರಲ್ಲಿ ಬಹುಮಂದಿಯ ಆಸೆಯಾಗಿತ್ತು. ತಂಡದ ಹೆಸರು ಅವರನ್ನು ನೆನಪಿಸುತ್ತದೆ. ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ಸಣ್ಣ ಸಂಸ್ಥೆಗಳ ಮೂಲಕ ಹಾಡು ಹೊರತರುವವರನ್ನು ಅಲ್ಲಿ ‘ಇಂಡೀ’ ಎನ್ನುತ್ತಾರೆ. ಇವರೂ ಹಾಗೆಯೇ ಬೆಳೆದವರು. ಗಿಟಾರಿನ ಜೊತೆಗೆ ನಮ್ಮ ಹಾರ್ಮೋನಿಯಂನ ದಾಯಾದಿಯಂತಿರುವ ಅಕಾರ್ಡಿಯನ್ ಇವರ ಹಾಡುಗಳಲ್ಲಿ ಕೇಳುತ್ತದೆ. ಮುಖ್ಯ ಗಾಯಕ, ಹಾಡು ಬರೆಯುವವರು ಕಾಲಿನ್ ಮೆಲಾಯ್. ಅವರು ಪೋರ್ಟ್‌ಲ್ಯಾಂಡಿನ ಒಂದು ಪುಸ್ತಕದಂಗಡಿಯ ಮಕ್ಕಳ ವಿಭಾಗದಲ್ಲಿ ಜಪಾನಿನ ಒಂದು ಜನಪದ ಕಥೆ ಓದಿದರು. ಅದು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅದರಿಂದ ಹುಟ್ಟಿದ್ದು 2006ರ ಅಕ್ಟೋಬರಿನಲ್ಲಿ ಬಂದ ‘ದಿ ಕ್ರೇನ್ ವೈಫ್’, ಅಂದರೆ ‘ಕೊಕ್ಕರೆ ಹೆಂಡತಿ’ ಎಂಬ ಹತ್ತು ಹಾಡುಗಳ ಗುಚ್ಛ. ಅದು ಅವರ ನಾಲ್ಕನೆಯದು, ದೊಡ್ಡ ಕಂಪನಿಯ ಮೂಲಕ ಬಂದ ಮೊದಲನೆಯದು.

ಕಥೆ ಸಣ್ಣದು. ಒಬ್ಬ ಬಡವ. ಹಿಮ ಬೀಳುವ ರಾತ್ರಿ. ರೆಕ್ಕೆಗೆ ಬಾಣ ನಾಟಿದ ಒಂದು ಬಿಳಿ ಕೊಕ್ಕರೆ ಅವನಿಗೆ ಸಿಗುತ್ತದೆ. ಬಾಣ ಕಿತ್ತು, ಆರೈಕೆ ಮಾಡಿ, ಹಾರಲು ಬಿಡುತ್ತಾನೆ. ಕೆಲವು ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಅವನ ಬಾಗಿಲಿಗೆ ಬರುತ್ತಾಳೆ. ಮದುವೆಯಾಗುತ್ತಾರೆ. ಮನೆಯಲ್ಲಿ ಕೂಳಿಗೆ ಗತಿಯಿಲ್ಲ. ‘ನಾನು ಬಟ್ಟೆ ನೇಯುತ್ತೇನೆ, ನೀನು ಮಾರು. ಆದರೆ ನೇಯುವಾಗ ಮಾತ್ರ ಒಳಗೆ ನೋಡಬಾರದು’ ಎನ್ನುತ್ತಾಳೆ. ಅಂಥ ಬಟ್ಟೆಯನ್ನು ಯಾರೂ ಕಂಡಿರಲಿಲ್ಲ. ಒಳ್ಳೆಯ ಬೆಲೆ ಬರುತ್ತದೆ. ‘ಇನ್ನೊಂದು’ ಎನ್ನುತ್ತಾನೆ ಗಂಡ. ಆಕೆ ನೇಯುತ್ತಾಳೆ. ಮತ್ತೆ ‘ಇನ್ನೊಂದು’. ಆಕೆ ಸೊರಗುತ್ತ ಹೋಗುತ್ತಾಳೆ. ಕೊನೆಗೆ ಅವನು ತಾಳಲಾರದೆ ಇಣುಕಿ ನೋಡಿದರೆ ಮಗ್ಗದ ಮುಂದೆ ಒಂದು ಕೊಕ್ಕರೆ ಕುಳಿತು ತನ್ನ ಮೈಯ ಗರಿಗಳನ್ನೇ ಕಿತ್ತು ನೂಲಿನೊಳಗೆ ಸೇರಿಸುತ್ತಿದೆ. ಗುಟ್ಟು ಬಯಲಾದ ಮೇಲೆ ಆಕೆ ನಿಲ್ಲುವುದಿಲ್ಲ. ಹಾರಿಹೋಗುತ್ತಾಳೆ.

ಜಪಾನಿನಲ್ಲಿ ಈ ಕಥೆಗೆ ಬೇರೆ ಬೇರೆ ರೂಪಗಳಿವೆ. ಒಂದರಲ್ಲಿ ಕೊಕ್ಕರೆ ಮುದಿ ದಂಪತಿಗೆ ಮಗಳಾಗಿ ಬರುತ್ತದೆ. ಜುಂಜಿ ಕಿನೋಶಿತಾ ಎಂಬ ನಾಟಕಕಾರ 1949ರಲ್ಲಿ ಇದನ್ನು ‘ಯೂಝುರು’ ಎಂಬ ನಾಟಕ ಮಾಡಿದರು. ಅದರಲ್ಲಿ ಗಂಡ ಸ್ವಭಾವದಿಂದ ಕೆಟ್ಟವನಲ್ಲ. ಹಣದ ರುಚಿ ಕಂಡ ಇಬ್ಬರು ಹೊರಗಿನವರು ಅವನ ಕಿವಿ ಊದುತ್ತಾರೆ. ಅವನು ಹಣದ ಮಾತು ಆಡತೊಡಗಿದಾಗ ಹೆಂಡತಿಗೆ ಅವನ ಮಾತೇ ತಿಳಿಯದಂತಾಗುತ್ತದೆ. ಅವನ ಬಾಯಿ ಅಲ್ಲಾಡುವುದು ಕಾಣುತ್ತದೆ, ಅರ್ಥ ಮುಟ್ಟುವುದಿಲ್ಲ. ನಿನ್ನೆಯವರೆಗೆ ಒಂದೇ ಭಾಷೆ ಆಡಿದ ಗಂಡ-ಹೆಂಡಿರ ನಡುವೆ ಲಾಭ ಬಂದು ಕುಳಿತ ಕೂಡಲೇ ಭಾಷೆ ಎರಡಾಯಿತು. ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾರಿನಲ್ಲಿ ಈ ಹಾಡು ಮುಗಿದಾಗ ಒಂದು ಗೋಷ್ಠಿಯೇ ನಡೆಯಿತು. ಮೊಮ್ಮಗಳು, ‘ಅವ ನೋಡಬಾರದಿತ್ತು. ಕೊಟ್ಟ ಮಾತು ಮುರಿದ’ ಎಂದಳು. ಮಗ, ‘ಆಕೆ ಮೊದಲೇ ಹೇಳಬೇಕಿತ್ತು. ಗರಿ ಕಿತ್ತು ನೇಯ್ತೀನಿ ಅಂತ ಗೊತ್ತಿದ್ದರ ಅವನಾದರೂ ಯಾಕ ಕೇಳ್ತಿದ್ದ?’ ಎಂದ. ನಾನು ಹಿರಿಯನಾಗಿ, ಆಸೆಯೇ ದುಃಖಕ್ಕೆ ಮೂಲ ಎಂಬಂಥ ಒಂದು ಮಾತು ಹೇಳಿದೆ. ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಆಗ ಸೊಸೆ ನಿಧಾನವಾಗಿ, ‘ನೋಡಿದ್ದು ತಪ್ಪಲ್ಲ ಮಾವಾ, ನೋಡೂದು ತಡ ಆತು’ ಎಂದಳು. ಮೊದಲ ಬಟ್ಟೆ ಕೈಗೆ ಬಂದ ದಿನವೇ ಆಕೆಯ ಮುಖ ನೋಡಬೇಕಿತ್ತು, ಅವನು ಬಟ್ಟೆಯನ್ನಷ್ಟೇ ನೋಡಿದ ಎಂದಳು.

ನಮ್ಮ ಮನೆಯವರು ಇದುವರೆಗೆ ಕಿಟಕಿಯ ಹೊರಗೆ ಗಿಡ ನೋಡುತ್ತ ಕುಳಿತಿದ್ದರು. ಅವರು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ‘ಅಕಿ ಹಗಲೂ ರಾತ್ರಿ ನೇಯಾಕ ಕುಂತಿದ್ಲು ಅಂದ್ರ, ಆ ಮನ್ಯಾಗ ರೊಟ್ಟಿ ಯಾರು ಬಡೀತಿದ್ರು?’

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಸಮುದ್ರ ನೋಡಿ ಬಂದೆವು. ರಾತ್ರಿ ಮಲಗಿದಾಗ ನಗೆ ಹೋಗಿತ್ತು, ಪ್ರಶ್ನೆ ಉಳಿದಿತ್ತು. ನೇಯ್ದವಳ ಕಷ್ಟಕ್ಕೆ ಹಾಡು ಬಂತು. ರೊಟ್ಟಿ ಬಡಿದವಳ ಕಷ್ಟ ಆ ಹಾಡಿಗೂ ಕಾಣಲಿಲ್ಲವಲ್ಲ! ಮೂವತ್ತು ವರ್ಷಗಳಲ್ಲಿ ನನಗೆ ಹನ್ನೊಂದು ವರ್ಗಾವಣೆಗಳಾದವು. ಹನ್ನೊಂದು ಸಲ ಮನೆ ಬಿಚ್ಚಿ ಮನೆ ಹೂಡಿದವರು ಯಾರು ಎಂದು ನಾನು ಲೆಕ್ಕ ಇಟ್ಟಿರಲಿಲ್ಲ. ಅವರ ಮೊಣಕಾಲಿನ ನೋವಿಗೆ ವಯಸ್ಸು ಕಾರಣ ಎಂದು ಡಾಕ್ಟರು ಹೇಳಿದ್ದನ್ನು ಆರಾಮಾಗಿ ನಂಬಿಕೊಂಡಿದ್ದೆ.

ಮುಂದೆ ಆ ಇಡೀ ಗುಚ್ಛವನ್ನು ಮೊಮ್ಮಗಳ ಜೊತೆ ಕುಳಿತು ಕೇಳಿದೆ. ಆಕೆ ಮಾತು ಬಿಡಿಸಿ ಹೇಳಿದಳು. ಎಂಜಿನಿಯರ್ ಆದ ನನಗೆ ಮೊದಲು ಕಂಡದ್ದು ಅದರ ಜೋಡಣೆ. ಕೊಕ್ಕರೆಯ ಕಥೆಗೆ ಮೂರು ಭಾಗಗಳಿವೆ. ಕಥೆಯ ಕೊನೆಯಾದ ಮೂರನೆಯ ಭಾಗವೇ ಮೊದಲ ಹಾಡು. ಒಂದು ಮತ್ತು ಎರಡನೆಯ ಭಾಗಗಳು ಒಂಬತ್ತನೆಯ ಹಾಡಾಗಿ, ಹನ್ನೊಂದು ನಿಮಿಷಕ್ಕಿಂತ ಉದ್ದವಾಗಿ ಬರುತ್ತವೆ. ಅಂದರೆ ಮೊದಲು ಕೇಳುವುದು ಹೆಂಡತಿಯನ್ನು ಕಳೆದುಕೊಂಡವನ ಪಶ್ಚಾತ್ತಾಪ. ಯಾಕೆ ಹೀಗಾಯಿತು ಎಂಬುದು ಗೊತ್ತಾಗುವುದು ಕೊನೆಗೆ. ನಮ್ಮ ಇಲಾಖೆಯಲ್ಲಿ ಸೇತುವೆಯೋ ಗೋಡೆಯೋ ಕುಸಿದರೆ ತನಿಖೆ ಹೀಗೆಯೇ ನಡೆಯುತ್ತದೆ. ಮೊದಲು ಬಿದ್ದದ್ದನ್ನು ನೋಡುತ್ತೇವೆ. ಆಮೇಲೆ ಹಿಂದಕ್ಕೆ ಹೋಗುತ್ತೇವೆ: ಯಾವ ದಿನ ಯಾವ ಕಾಂಕ್ರೀಟು, ಯಾರು ಅವಸರ ಮಾಡಿದರು, ಯಾರು ಸಹಿ ಮಾಡಿದರು? ಇನ್ನೊಂದು ವಿಶೇಷವೆಂದರೆ ಇಡೀ ಕಥೆಯನ್ನು ಹೇಳುವವನು ಗಂಡನೇ. ತನ್ನ ಮೇಲೆ ತಾನೇ ತನಿಖಾ ವರದಿ ಬರೆಯುವ ಮನುಷ್ಯ ಅವನು. ಅಂಥ ವರದಿಯನ್ನು ನಾನು ನೌಕರಿಯಲ್ಲಿ ಒಂದನ್ನೂ ನೋಡಲಿಲ್ಲ.

ಬಿಡಿ ಹಾಡುಗಳನ್ನು ಒಂದು ಕ್ರಮದಲ್ಲಿ ಕೂಡಿಸಿ ಕಥೆಯಾಗಿಸುವುದು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಬಿಡಿ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂವಾದವಾಗಿ ಹೆಣೆದು ಶೂನ್ಯಸಂಪಾದನೆ ಮಾಡಿದರು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ತಿದ್ದಿ ಬೆಳೆಸಿದರು. ಒಂದು ವಚನ ಒಂಟಿಯಾಗಿದ್ದಾಗ ಅದು ಉಪದೇಶದಂತೆ ಕೇಳಬಹುದು. ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು ಎಂದು ಗೊತ್ತಾದಾಗ ಅದು ನಮ್ಮ ಮನೆಯ ಮಾತಾಗುತ್ತದೆ. ಕಥೆಯ ಶಕ್ತಿ ಇಲ್ಲಿದೆ.

ಈಗ ನನ್ನದೊಂದು ತನಿಖಾ ವರದಿ. ಇದನ್ನು ಈ ಮೊದಲು ಎಲ್ಲಿಯೂ ಹೇಳಿಲ್ಲ.

ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಉಪಕಾಲುವೆಗೆ ಕಾಂಕ್ರೀಟ್ ಹೊದಿಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗಾಲಕ್ಕೆ ನೀರು ಬಿಡುವುದರೊಳಗೆ ಮುಗಿಯಬೇಕು. ಕೂಲಿಯವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕಲಸಿದ ಕಾಂಕ್ರೀಟನ್ನು ಬುಟ್ಟಿಯಲ್ಲಿ ತುಂಬಿ, ಸಾಲಾಗಿ ನಿಂತು, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುವರು. ಬರಿಗೈ. ಸಿಮೆಂಟು ನೀರು ಕಂಡ ಕೂಡಲೇ ಸುಣ್ಣದಂತೆ ಸುಡುವ ಕ್ಷಾರವಾಗುತ್ತದೆ. ಇದು ನನಗೆ ಕಾಲೇಜಿನಲ್ಲಿ ಕಲಿಸಿದ ಪಾಠ. ಕಾಂಕ್ರೀಟಿನ ಘನಗಳನ್ನು ಅಚ್ಚು ಹಾಕಿ 7ನೆಯ ದಿನ, 28ನೆಯ ದಿನ ಒತ್ತಿ ಅದರ ಬಲ ಪರೀಕ್ಷಿಸುವುದು ನಿಯಮ. ಅದನ್ನು ತಪ್ಪದೆ ಮಾಡಿಸಿದೆ. ಎಷ್ಟು ಘನಮೀಟರ್ ಕೆಲಸವಾಯಿತು ಎಂದು ಅಳತೆ ಪುಸ್ತಕದಲ್ಲಿ ತಪ್ಪಿಲ್ಲದೆ ಬರೆದೆ. ಆ ಕೈಗಳ ಬಲ ಪರೀಕ್ಷಿಸುವ ನಿಯಮ ಇರಲಿಲ್ಲ. ಅವುಗಳನ್ನು ಬರೆಯುವ ಅಂಕಣವೂ ಆ ಪುಸ್ತಕದಲ್ಲಿ ಇರಲಿಲ್ಲ.

ಒಂದು ಬಟವಾಡೆಯ ದಿನ ಹಾಜರಿ ಪಟ್ಟಿಯ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಿದ್ದೆವು. ಒಬ್ಬ ಹೆಣ್ಣುಮಗಳು ಒತ್ತಿದಳು. ಕಾಗದದ ಮೇಲೆ ನೀಲಿ ಚುಕ್ಕೆ ಮೂಡಿತು, ಗೆರೆ ಮೂಡಲಿಲ್ಲ. ‘ಸರಿಯಾಗಿ ಒತ್ತಬೇ’ ಎಂದು ಗುಮಾಸ್ತ ಗದರಿಸಿದ. ಮತ್ತೆ ಒತ್ತಿದಳು. ಮತ್ತೆ ಬರೀ ನೀಲಿ ಚುಕ್ಕೆ. ಬಲಗೈಯದು ಒತ್ತಿಸಿದರು, ಬೇರೆ ಬೆರಳು ಒತ್ತಿಸಿದರು. ಯಾವುದರಲ್ಲೂ ಗೆರೆಯಿಲ್ಲ. ನಾನು ತಲೆಯೆತ್ತಿ ಆಕೆಯ ಕೈ ನೋಡಿದೆ. ಬೆರಳ ತುದಿಗಳು ತಿಕ್ಕಿದ ಕಲ್ಲಿನಂತೆ ನುಣುಪಾಗಿ, ಅಲ್ಲಲ್ಲಿ ಕೆಂಪಗೆ ಬಾಯಿ ಬಿಟ್ಟಿದ್ದವು. ‘ಸಿಮಿಟ್ ತಿಂದೈತ್ರೀ ಸಾಹೇಬ್ರ’ ಎಂದಳು, ತಪ್ಪು ತನ್ನದೇ ಎಂಬಂತೆ. ನಾನು ಅಂಚಿನಲ್ಲಿ ‘ಗುರುತು ಅಸ್ಪಷ್ಟ’ ಎಂದು ಬರೆದು ಸಹಿ ಮಾಡಿ ಹಣ ಕೊಡಿಸಿದೆ.

ಶರಣ ಬಂಧುಗಳೇ, ಕಥೆಯ ಗಂಡ ಗರಿ ಕಂಡ ಮೇಲೆ ‘ಇನ್ನೊಂದು’ ಎನ್ನಲಿಲ್ಲ. ನಾನು ಎಂದೆ. ಮಾರನೆಯ ದಿನ ಬೆಳಗ್ಗೆ ಮೇಸ್ತ್ರಿಯನ್ನು ಕರೆದು, ನೀರು ಬಿಡುವ ದಿನ ಹತ್ತಿರ ಬಂತು, ರಾತ್ರಿ ಪಾಳಿಯೂ ಇನ್ನೊಂದು ನಡೆಯಲಿ ಎಂದೆ. ಕೆಲಸ ಸಮಯಕ್ಕೆ ಮುಗಿಯಿತು. ಮೇಲಧಿಕಾರಿಗಳು ಮೆಚ್ಚಿದರು. ಆ ಸಾಲಿನಲ್ಲಿ ಅದೇ ಹೆಣ್ಣುಮಗಳು ಇದ್ದಳೋ ಇಲ್ಲವೋ, ನಾನು ನೋಡಲಿಲ್ಲ. ಮುಂದೆ ನಾನೇ ಅಂದಾಜು ಪತ್ರಿಕೆ ತಯಾರಿಸುವ ಹಂತಕ್ಕೆ ಬಂದಾಗ ಕೈಗವಸಿಗೆ ಹಣ ಸೇರಿಸುತ್ತಿದ್ದೆ. ಕೆಲವು ಸಲ ಕೈಗವಸು ಕೆಲಸದ ಸ್ಥಳಕ್ಕೆ ಬಂದವು, ಕೆಲವು ಸಲ ಬಿಲ್ಲಿನಲ್ಲಿ ಮಾತ್ರ ಬಂದವು. ಇಂದು ರೇಷನ್ ಅಂಗಡಿಯ ಯಂತ್ರದ ಮುಂದೆ ಬೆರಳು ಒತ್ತಿ, ಗುರುತು ಸಿಗದೆ, ಸೆರಗಿಗೆ ಒರೆಸಿ ಮತ್ತೆ ಒತ್ತುವ ಮುದುಕಿಯರನ್ನು ಕಂಡಾಗ ನನಗೆ ಆ ನೀಲಿ ಚುಕ್ಕೆ ನೆನಪಾಗುತ್ತದೆ. ಅವರ ಗೆರೆಗಳು ಕಳೆದುಹೋಗಿಲ್ಲ. ನಾವು ಓಡಾಡುವ ರಸ್ತೆಯಲ್ಲಿ, ಕುಡಿಯುವ ನೀರಿನ ತೊಟ್ಟಿಯಲ್ಲಿ, ನನ್ನ ಕಾಲುವೆಯಲ್ಲಿ ಅವು ಸೇರಿಕೊಂಡಿವೆ.

ಆ ಗುಚ್ಛದಲ್ಲಿ ಬೇರೆ ಕಥೆಗಳೂ ಇವೆ. ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕನೂ ಅವನಿಗಾಗಿ ಕಾದ ಹೆಣ್ಣೂ ಮಾತನಾಡಿಕೊಳ್ಳುವ ಹಾಡಿದೆ. 1970ರ ದಶಕದಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಕ್ಯಾಥೊಲಿಕರನ್ನು ಹುಡುಕಿ ಕೊಂದ ಒಂದು ಗುಂಪಿನ ಬಗ್ಗೆ, ಮಕ್ಕಳನ್ನು ಹೆದರಿಸುವ ಜೋಗುಳದಂತಿರುವ ಹಾಡಿದೆ. ನಾನು ನಿಮ್ಮೆದುರು ಬಿಡಿಸಿ ಹೇಳಬೇಕೆಂದಿರುವುದು ಯುದ್ಧ ಬಂದಾಗಿನ ಒಂದು ಹಾಡನ್ನು. ಅದರ ಹಿಂದೆ ಲೆನಿನ್‌ಗ್ರಾಡ್ ನಗರದ ನಿಜಸಂಗತಿ ಇದೆ.

ನಿಕೊಲಾಯ್ ವಾವಿಲೋವ್ ಎಂಬ ರಷ್ಯಾದ ಸಸ್ಯವಿಜ್ಞಾನಿ ಲೋಕವೆಲ್ಲ ಸುತ್ತಿ ಗೋಧಿ, ಅಕ್ಕಿ, ಕಾಳು, ಆಲೂಗಡ್ಡೆ ಮುಂತಾದ ಬೆಳೆಗಳ ತಳಿಗಳನ್ನು ಕೂಡಿಹಾಕಿದ್ದರು. ಮುಂದೆಂದೂ ಯಾವ ನಾಡಿಗೂ ಬರಗಾಲ ಬಾರದಿರಲಿ ಎಂಬುದು ಅವರ ಆಸೆ. ಆ ಬೀಜಭಂಡಾರ ಲೆನಿನ್‌ಗ್ರಾಡಿನಲ್ಲಿತ್ತು. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೈನ್ಯ ನಗರವನ್ನು ಮುತ್ತಿತು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ರಂದು, 872 ದಿನಗಳ ಮೇಲೆ. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಭಂಡಾರವನ್ನು ಕಾಯುತ್ತಿದ್ದ ವಿಜ್ಞಾನಿಗಳ ಸುತ್ತ ಚೀಲ ಚೀಲ ಕಾಳಿತ್ತು. ಅವರು ತಿನ್ನಲಿಲ್ಲ. ಅವರಲ್ಲಿ ಹಲವರು ಹಸಿವಿನಿಂದ ತೀರಿಕೊಂಡರು. ಅಕ್ಕಿಯ ತಳಿಗಳ ಉಸ್ತುವಾರಿ ನೋಡುತ್ತಿದ್ದ ದಿಮಿತ್ರಿ ಇವಾನೋವ್ ಅಕ್ಕಿಯ ಪೊಟ್ಟಣಗಳ ನಡುವೆಯೇ ಹಸಿದು ಸತ್ತರು. ವಾವಿಲೋವರನ್ನೋ, ಅವರದೇ ಸರ್ಕಾರ 1940ರಲ್ಲಿ ಬಂಧಿಸಿತ್ತು. 1943ರ ಜನವರಿಯಲ್ಲಿ ಅವರು ಸರಾಟೊವ್ ಸೆರೆಮನೆಯಲ್ಲಿ ತೀರಿಕೊಂಡರು.

ಒಂದೇ ಗುಚ್ಛದಲ್ಲಿ ಈ ಎರಡು ಕಥೆಗಳು ಎದುರುಬದುರಾಗಿ ಕುಳಿತಿವೆ. ಒಂದು ಕಡೆ ಹೊಟ್ಟೆ ತುಂಬಿದ ಮೇಲೂ ‘ಇನ್ನೊಂದು’ ಎಂದವನು. ಇನ್ನೊಂದು ಕಡೆ ಹೊಟ್ಟೆ ಹಸಿದು ಪ್ರಾಣ ಹೋಗುವಾಗಲೂ ‘ಒಂದು ಹಿಡಿ’ ಎನ್ನದವರು. ಕಾಳು ಅವರ ಕೈಯಲ್ಲಿತ್ತು, ಆದರೆ ಅದು ಮುಂದೆ ಬಿತ್ತುವವರ ಸ್ವತ್ತು ಎಂದು ಅವರು ತಿಳಿದಿದ್ದರು. ದಾಸೋಹ ಎಂಬ ಶಬ್ದ ಅವರಿಗೆ ಗೊತ್ತಿರಲಿಲ್ಲ. ಅದರ ಅರ್ಥ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅಕ್ಕಿಯ ಮಾತು ಬಂದಾಗ ನಿಮಗೆಲ್ಲ ಯಾರು ನೆನಪಾದರೋ ನನಗೂ ಅವರೇ ನೆನಪಾದರು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ನಾವೆಲ್ಲ ಗೋಡೆಯ ಮೇಲೆ ಬರೆಸುವ, ಕಾಯಕವೇ ಕೈಲಾಸವೆಂಬ ಮಾತನ್ನು ಬಸವಣ್ಣನವರ ಹೆಸರಿನಲ್ಲಿ ಹೇಳುವುದು ರೂಢಿ. ಅದು ಇರುವುದು ಈ ಮಾರಯ್ಯನ ವಚನದಲ್ಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವವನ ಮಾತು ಅದು. ಪ್ರಸಂಗ ನಿಮಗೆ ಗೊತ್ತು. ಒಂದು ದಿನ ಮಾರಯ್ಯ ಅನುಭವ ಮಂಟಪದ ಮಾತುಕತೆಯಲ್ಲಿ ಮೈಮರೆತು ಕುಳಿತ. ಹೊತ್ತು ಹೋಗುತ್ತಿದೆ, ಕಾಯಕ ನಿಂತಿದೆ ಎಂದು ಎಚ್ಚರಿಸಿದವಳು ಲಕ್ಕಮ್ಮ. ಅವನು ಅವಸರದಲ್ಲಿ ಹೋಗಿ ಮಹಾಮನೆಯ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇದು ನಮ್ಮ ಪಾಲಿನದಲ್ಲ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳೂ ಲಕ್ಕಮ್ಮನೇ.

ಜಪಾನಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಬಡವರ ಮನೆ. ಎರಡರಲ್ಲೂ ಗಂಡ, ಹೆಂಡತಿ, ದಿನದ ದುಡಿಮೆ. ಅಲ್ಲಿ ಗಂಡ ‘ಇನ್ನೊಂದು’ ಎನ್ನುತ್ತಾನೆ, ಹೆಂಡತಿ ಬಾಯಿ ಮುಚ್ಚಿಕೊಂಡು ಗರಿ ಕೀಳುತ್ತಾಳೆ. ಇಲ್ಲಿ ಗಂಡ ಹೆಚ್ಚು ತಂದಾಗ ಹೆಂಡತಿ ಬಾಯಿ ಬಿಟ್ಟು ‘ಬೇಡ’ ಎನ್ನುತ್ತಾಳೆ, ಗಂಡ ಕೇಳುತ್ತಾನೆ. ಲಕ್ಕಮ್ಮನಿಗೆ ಮುಚ್ಚಿದ ಬಾಗಿಲಿನ ಕೋಣೆ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಮಾಡಿದ ಕ್ರಾಂತಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈಗ ಇಷ್ಟೇ ಹೇಳುತ್ತೇನೆ: ದುಡಿಯುವವರ ಕೋಣೆಯ ಬಾಗಿಲು ತೆರೆದರು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ನೂಲಿಯ ಚಂದಯ್ಯನವರು, ಸತ್ಯಕ್ಕನವರು ಹೊರಗೆ ಬಂದು ತಮ್ಮ ಕೆಲಸದ ಹೆಸರಿನಲ್ಲಿಯೇ ಮಾತನಾಡಿದರು. ಬಟ್ಟೆ ನೋಡುತ್ತಿದ್ದ ಲೋಕ ನೇಯುವವನ ಮುಖ ನೋಡಿತು.

ಆ ಬಾಗಿಲನ್ನು ನಾವು ಮತ್ತೆ ಮುಚ್ಚಿದ್ದೇವೆಯೇ ಎಂಬುದೇ ನನ್ನ ಪ್ರಶ್ನೆ. ಈಗಷ್ಟೇ ನನಗೆ ಒಂದು ಶಾಲು ಹೊದಿಸಿದಿರಿ. ಇದನ್ನು ಯಾರು ನೇಯ್ದರು? ನನಗೆ ಗೊತ್ತಿಲ್ಲ, ಹೊದಿಸಿದವರಿಗೂ ಗೊತ್ತಿಲ್ಲ. ನಮ್ಮ ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಲ್ಲಿ ಮಗ್ಗದ ಸಪ್ಪಳ ಕೇಳುತ್ತ ಬೆಳೆದವರು ಈ ಸಭೆಯಲ್ಲಿಯೇ ಇದ್ದೀರಿ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕುಳಿತವರ ಸೊಂಟ ನಿಮಗೆ ಗೊತ್ತು. ನೂಲು ಸುತ್ತಿ ಕೊಡುವ ಹೆಣ್ಣುಮಕ್ಕಳ ಕೆಲಸಕ್ಕೆ ಬೇರೆ ಕೂಲಿಯೇ ಇಲ್ಲದ ಮನೆಗಳು ನಿಮಗೆ ಗೊತ್ತು. ಜೇಡರ ದಾಸಿಮಯ್ಯನವರ ಜಯಂತಿ ಮಾಡುತ್ತೇವೆ. ಸೀರೆಯ ಬೆಲೆ ಚೌಕಾಸಿ ಮಾಡುವಾಗ ಅವರು ನೆನಪಾಗುವುದಿಲ್ಲ.

ಈಗ ಕೇಳುಗರ ಮಾತು. ಅಮೆರಿಕದ ಎನ್‌ಪಿಆರ್ ಎಂಬ ಸಾರ್ವಜನಿಕ ಬಾನುಲಿಯ ಕೇಳುಗರು 2006ರಲ್ಲಿ ತಮ್ಮ ಮೆಚ್ಚಿನ ಗುಚ್ಛವಾಗಿ ಇದನ್ನೇ ಆರಿಸಿದರು. ಕುಣಿಸುವ ಹಾಡು ಬಿಟ್ಟು, ಹನ್ನೊಂದು ನಿಮಿಷ ಕುಳಿತು ಕಥೆ ಕೇಳುವ ಹಾಡನ್ನು ಜನ ಮೆಚ್ಚಿದರು. ಮಕ್ಕಳಿಗೆ ತಾಳ್ಮೆ ಇಲ್ಲ ಎಂದು ನಾವು ದೂರುತ್ತೇವೆ. ನನ್ನ ಮೊಮ್ಮಗಳಿಗೆ ಆ ತಾಳ್ಮೆ ಇದೆ. ನಾವು ಆಕೆಗೆ ಕಥೆ ಹೇಳಿರಲಿಲ್ಲ, ಅಷ್ಟೇ. ಸಮುದ್ರದಿಂದ ಮರಳುವಾಗ ಆಕೆಗೆ ಲಕ್ಕಮ್ಮನ ಕಥೆ ಹೇಳಿದೆ. ಪೂರ್ತಿ ಕೇಳಿ, ‘ಅಜ್ಜಾ, ಇದನ್ನ ಇಷ್ಟು ದಿನ ಯಾಕ ಹೇಳಲಿಲ್ಲ?’ ಎಂದಳು. ನಾನು ಆಕೆಗೆ ಫೋನಿನಲ್ಲಿ ಪ್ರತಿ ಬಸವ ಜಯಂತಿಗೆ ಶುಭಾಶಯ ಕಳಿಸಿದ್ದೆ. ಕಥೆ ಕಳಿಸಿರಲಿಲ್ಲ.

ಆ ಗುಚ್ಛದ ಕೊನೆಯ ಹಾಡು ಮಕ್ಕಳ ಪೀಳಿಗೆಯನ್ನು ಕುರಿತದ್ದು. ಹೊಸ ನೆಲಕ್ಕೆ ಹೋಗಿ ಮನೆ ಕಟ್ಟುವ, ಬಾಂಬಿನ ಸದ್ದು ಅಡಗಿಹೋಗಲಿ ಎಂದು ಹಾರೈಸುವ ಹಾಡು. ಕೊನೆಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ದನಿಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಕಛೇರಿಗಳಲ್ಲಿ ಅದನ್ನು ಸೇರಿದ ಜನವೇ ಹಾಡುತ್ತಾರೆ. ಕಥೆ ಹೇಳಿದವರು ಹಾಡನ್ನು ಕೇಳಿದವರ ಕೈಗೆ ಒಪ್ಪಿಸುತ್ತಾರೆ ಎಂದು ಇದರ ಅರ್ಥ. ನಮ್ಮ ಗೋಷ್ಠಿಯಲ್ಲಿ ಒಬ್ಬರು ಹಾಡುತ್ತಾರೆ, ಒಬ್ಬರು ಮಾತನಾಡುತ್ತಾರೆ, ಉಳಿದವರು ಕೇಳಿ ಊಟಕ್ಕೆ ಏಳುತ್ತೇವೆ. ಊಟ ಬಡಿಸುವವರು ಹಾಡೂ ಕೇಳಿರುವುದಿಲ್ಲ, ಮಾತೂ ಕೇಳಿರುವುದಿಲ್ಲ.

ಆದ್ದರಿಂದ ಪೂಜ್ಯರಲ್ಲಿಯೂ ತಮ್ಮೆಲ್ಲರಲ್ಲಿಯೂ ನನ್ನ ಮೂರು ವಿನಂತಿಗಳಿವೆ. ಮೊದಲನೆಯದು, ಮುಂದಿನ ತಿಂಗಳ ಗೋಷ್ಠಿಯಲ್ಲಿ ‘ಕಾಯಕ ಮತ್ತು ದಾಸೋಹ’ ಎಂಬ ಇದೇ ವಿಷಯದ ಮೇಲೆ ದಾಸೋಹದ ಮನೆಯ ತಾಯಂದಿರು ಮಾತನಾಡಲಿ. ಅವರು ಎಷ್ಟು ಹೊತ್ತಿಗೆ ಏಳುತ್ತಾರೆ, ಒಂದು ಅಮಾವಾಸ್ಯೆಗೆ ಎಷ್ಟು ರೊಟ್ಟಿ ಬಡಿಯುತ್ತಾರೆ, ಹೊಗೆಗೆ ಕಣ್ಣು ಏನಾಗಿದೆ, ಎಲ್ಲ ಹೇಳಲಿ. ಅವರು ಇಲ್ಲಿ ಕುಳಿತ ಹೊತ್ತಿನಲ್ಲಿ ಒಲೆಯ ಮುಂದೆ ನಾವು ಗಂಡಸರು ಇರೋಣ. ನಾನು ಬಡಿದ ರೊಟ್ಟಿ ಯಾವ ದೇಶದ ನಕಾಶೆಯಂತಾಗುವುದೋ ಗೊತ್ತಿಲ್ಲ. ಪಾತ್ರೆ ತಿಕ್ಕಲಂತೂ ಬರುತ್ತದೆ. ಎರಡನೆಯದು, ಇನ್ನು ಮೇಲೆ ಈ ವೇದಿಕೆಯಲ್ಲಿ ಹೊದಿಸುವ ಶಾಲನ್ನು ನೇರವಾಗಿ ನೇಕಾರರಿಂದ, ಅವರು ಹೇಳಿದ ಬೆಲೆಗೆ ತರೋಣ. ಹೊದಿಸುವಾಗ ಅತಿಥಿಯ ಹೆಸರಿನ ಜೊತೆಗೆ ನೇಯ್ದವರ ಹೆಸರನ್ನೂ ಹೇಳೋಣ. ಮೂರನೆಯದು, ಗೋಷ್ಠಿಯ ಕೊನೆಯ ವಚನವನ್ನು ಎಲ್ಲರೂ ಕೂಡಿ ಹಾಡೋಣ. ಶ್ರುತಿ ತಪ್ಪಿದರೆ ತಪ್ಪಲಿ.

ಆ ಹೆಣ್ಣುಮಗಳ ಹೆಸರು ಹಾಜರಿ ಪಟ್ಟಿಯಲ್ಲಿತ್ತು. ನಾನೇ ಕೂಗಿ ಕರೆದಿದ್ದೆ. ಎಷ್ಟು ಸಲ ನೆನಪಿಸಿಕೊಂಡರೂ ಆ ಹೆಸರು ಬರುತ್ತಿಲ್ಲ. ಆಕೆಯ ಬೆರಳು ಮಾತ್ರ ಬರುತ್ತದೆ. ಆಕೆಗೂ ಈ ಸಭೆಗೂ ಇವತ್ತು ನಾನು ಒಪ್ಪಿಸಿದ್ದು ನನ್ನ ತಡವಾದ ವರದಿ.

ಮನೆಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಇವತ್ತಿನ ಪ್ರಸಾದದ ರೊಟ್ಟಿ ತಟ್ಟೆಗೆ ಬಿದ್ದಾಗ, ಮುರಿಯುವ ಮೊದಲು, ಅದನ್ನು ನೀಡಿದ ಕೈಯನ್ನು ಒಂದು ಸಲ ನೋಡಿ. ಹೆಸರು ಕೇಳಿ. ಆಮೇಲೆ ‘ಇನ್ನೊಂದು’ ಎನ್ನಿ.